ಅಮ್ಮ ಮೊದಲು ಅನ್ನ ನೋಡಿದಳು

ಪುಣೆಯ ಔಂಧ್‌ನಲ್ಲಿ ಒಂದು ಒಳರಸ್ತೆ. ಅಲ್ಲಿ ಇಸ್ತ್ರಿ ಅಂಗಡಿಗೂ ಮೆಡಿಕಲ್ ಸ್ಟೋರ್‌ಗೂ ನಡುವೆ ಒಂದು ಪುಟ್ಟ ಸುಶಿ ಹೋಟೆಲ್ ಇದೆ. ನಾಲ್ಕು ಟೇಬಲ್, ಕಟ್ಟೆಯ ಮುಂದೆ ಆರು ಸ್ಟೂಲ್, ಅಷ್ಟೇ. ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಎರಡು ವರ್ಷದಿಂದ ಹೋಗುತ್ತಿದ್ದೇವೆ. ಕಳೆದ ಡಿಸೆಂಬರಿನಲ್ಲಿ ಕುಮಟಾದಿಂದ ಅಮ್ಮ ಬಂದಿದ್ದಳು, ಅವಳನ್ನೂ ಕರೆದುಕೊಂಡು ಹೋದೆವು. ಆ ಸಂಜೆಯ ಬಗ್ಗೆ ಬರೆಯಬೇಕು ಅಂತ ಆವಾಗಿನಿಂದ ಅಂದುಕೊಳ್ಳುತ್ತಲೇ ಇದ್ದೆ.

"ಹಸಿ ಮೀನು ತಿನ್ನೋಕೆ ದುಡ್ಡು ಕೊಟ್ಟು ಹೋಗೋದಾ?" ಅಂತ ಮನೆಯಲ್ಲೇ ಕೇಳಿದ್ದಳು ಅಮ್ಮ. ಐವತ್ತು ವರ್ಷ ದಿನಾ ಮೀನು ಕೊಯ್ದು ಸಾರು ಮಾಡಿದವಳು, ಅವಳು ಕೇಳುವುದು ಸರಿಯೇ. ನನ್ನ ಮಗಳು ಜಪಾನಿ ಭಾಷೆ ಕಲಿಯುತ್ತಿದ್ದಾಳೆ. ಪುಣೆಯಲ್ಲಿ ಅದೇನು ಅಪರೂಪ ಅಲ್ಲ, ಚಾಕಣ್ ಕಡೆಯ ಜಪಾನಿ ಕಾರ್ಖಾನೆಗಳಿಂದಾಗಿ ಇಲ್ಲಿ ಜಪಾನಿ ಕಲಿತವರಿಗೆ ಕೆಲಸ ಸಿಗುತ್ತದೆ. ಅವಳು ಹೇಳಿದಳು, "ಅಜ್ಜಿ, ಸುಶಿ ಅಂದ್ರೆ ಮೀನಲ್ಲ, ಅನ್ನ."

ಇದು ನನಗೂ ತಡವಾಗಿಯೇ ಗೊತ್ತಾಗಿದ್ದು. ಸುಶಿ ಅನ್ನುವ ಹೆಸರು ಬಂದಿರುವುದೇ ಹುಳಿ ಅನ್ನುವ ಅರ್ಥದ ಹಳೆಯ ಪದದಿಂದ. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನ ಇದ್ದರೆ ಅದು ಸುಶಿ. ಜೊತೆಗೆ ಮೀನಿರಬಹುದು, ಮೊಟ್ಟೆ ಇರಬಹುದು, ಬರೀ ಸೌತೆಕಾಯಿಯೂ ಇರಬಹುದು. ಅನ್ನ ಇಲ್ಲದೆ ಹಸಿ ಮೀನಿನ ಹೋಳು ಮಾತ್ರ ಕೊಟ್ಟರೆ ಅದರ ಹೆಸರೇ ಬೇರೆ, ಸಾಶಿಮಿ. ನಾನು ಮೊದಲ ಸಲ ಸುಶಿ ತಿಂದಿದ್ದು ಒಂದು ಮಾಲ್‌ನಲ್ಲಿ. ಫ್ರಿಜ್‌ನಿಂದ ತೆಗೆದ ಅನ್ನ ಗಟ್ಟಿಯಾಗಿ ಕೂತಿತ್ತು, ಅದರ ಮೇಲೆ ಮಯೋನೀಸ್ ಸುರಿದಿದ್ದರು. ಆಮೇಲೆ ನಾಲ್ಕು ವರ್ಷ ನಾನು ಸುಶಿ ಕಡೆ ತಲೆ ಹಾಕಲಿಲ್ಲ. ತಪ್ಪು ಮೀನಿನದು ಅಂದುಕೊಂಡಿದ್ದೆ. ಅಲ್ಲ, ಅನ್ನದ್ದು.

ನಮ್ಮ ಈ ಹೋಟೆಲಿನಲ್ಲಿ ಸುಶಿ ಮಾಡುವ ಹುಡುಗ ಮಣಿಪುರದವನು. ಮುಂಬೈಯ ಒಂದು ಅಡುಗೆಮನೆಯಲ್ಲಿ ಜಪಾನಿ ಬಾಣಸಿಗರ ಕೈ ಕೆಳಗೆ ಕಲಿತನಂತೆ. ಮೊದಲ ಎಷ್ಟೋ ತಿಂಗಳು ಅವನಿಗೆ ಮೀನಿನ ಚಾಕು ಮುಟ್ಟಲೂ ಬಿಡಲಿಲ್ಲ, ದಿನವೂ ಅಕ್ಕಿ ತೊಳೆಯುವ ಕೆಲಸ. ಅದನ್ನು ಅವನು ಬೇಜಾರಿನಿಂದ ಹೇಳುವುದಿಲ್ಲ, ತುಂಬಾ ಪ್ರೀತಿಯಿಂದ ಹೇಳುತ್ತಾನೆ.

ನಾವು ಕಟ್ಟೆಯ ಮುಂದಿನ ಸ್ಟೂಲ್‌ಗಳಲ್ಲೇ ಕೂತೆವು. ಏಳು ಗಂಟೆಗೆ ಸ್ವಲ್ಪ ಮೊದಲೇ ಹೋಗಿದ್ದರಿಂದ ಅನ್ನ ಕಲಸುವುದು ನೋಡಲು ಸಿಕ್ಕಿತು. ಅಗಲವಾದ ಮರದ ಪಾತ್ರೆ, ಹಂಗಿರಿ ಅಂತ ಅದರ ಹೆಸರು. ಅಮ್ಮ ನೋಡಿದವಳೇ "ಇದು ನಮ್ಮ ಮರಿಗೆ ಅಲ್ವಾ!" ಅಂದಳು. ಹೌದು, ಹೆಚ್ಚುಕಡಿಮೆ ಮರಿಗೆಯೇ. ಮರ ಅನ್ನದ ಜಾಸ್ತಿ ನೀರನ್ನು ಹೀರಿಕೊಳ್ಳುತ್ತದೆ. ಹುಡುಗ ಬಿಸಿ ಅನ್ನ ಸುರಿದ, ವಿನೆಗರ್ ಚಿಮುಕಿಸಿದ, ಚಪ್ಪಟೆ ಸೌಟಿನಿಂದ ಕತ್ತರಿಸಿದ ಹಾಗೆ ಮಾಡಿ ಮಗುಚಿದ. ಗರಗರ ತಿರುಗಿಸುವ ಹಾಗಿಲ್ಲ, ಅಗುಳು ಒಡೆದು ಮುದ್ದೆಯಾಗುತ್ತದೆ. ಇನ್ನೊಂದು ಕೈಯಲ್ಲಿ ಬೀಸಣಿಗೆ. ಬೇಗ ಆರಿದರೆ ಅಗುಳಿಗೆ ಹೊಳಪು ಬರುತ್ತದಂತೆ. ಅಮ್ಮ ಸ್ಟೂಲಿನಿಂದ ಅರ್ಧ ಎದ್ದು ಬಗ್ಗಿ ನೋಡಿದಳು. "ಎಷ್ಟು ಸಲ ತೊಳೀತೀಯ ಅಂತ ಕೇಳು" ಅಂದಳು. ಅಕ್ಕಚ್ಚು ತಿಳಿಯಾಗುವ ತನಕ, ನಾಲ್ಕೈದು ಸಲ, ಆಮೇಲೆ ಅರ್ಧ ಗಂಟೆ ನೆನೆ ಹಾಕೋದು, ಅಂದ ಅವನು. ನಾನು ಹಿಂದಿಯಿಂದ ಕನ್ನಡಕ್ಕೆ, ಕನ್ನಡದಿಂದ ಹಿಂದಿಗೆ ಹೇಳುತ್ತಾ ಕೂತೆ. ಮೀನಿನ ಬಗ್ಗೆ ಅಮ್ಮ ಇನ್ನೂ ಒಂದು ಮಾತೂ ಕೇಳಿರಲಿಲ್ಲ.

ಮೊದಲು ಬಂದಿದ್ದು ಸೌತೆಕಾಯಿಯ ಕಪ್ಪಾ ಮಾಕಿ. ಮಾಕಿ ಅಂದರೆ ಕಡಲಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿದ ಸುರುಳಿ. ಅಮ್ಮನಿಗೆ ಧೈರ್ಯ ಬರಲಿ ಅಂತ ಅದನ್ನೇ ಮೊದಲು ಹೇಳಿದ್ದೆ. ಚಾಪ್‌ಸ್ಟಿಕ್ ನೋಡಿ ಅವಳು ಹಿಂಜರಿದಳು, ಆದರೆ ಸುಶಿಯನ್ನು ಕೈಯಲ್ಲಿ ತಿನ್ನುವುದು ಜಪಾನಿನಲ್ಲೂ ಸರಿಯಾದ ಕ್ರಮವೇ. ಮೊದಲು ಅದು ರಸ್ತೆ ಬದಿಯ ತಿಂಡಿಯಾಗಿತ್ತು. 1820ರ ದಶಕದಲ್ಲಿ ಎದೋ ನಗರದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಅಂಗಡಿ ಮುಂದೆ ನಿಂತುಕೊಂಡೇ ಜನ ನಿಗಿರಿ, ಅಂದರೆ ಮೇಲೆ ಮೀನಿನ ಹೋಳಿಟ್ಟು ಒತ್ತಿದ ಅನ್ನದ ಉಂಡೆ, ತಿನ್ನುತ್ತಿದ್ದರು. ಇಷ್ಟು ಹೇಳಿದ್ದೇ ತಡ, ಅಮ್ಮ ಆರಾಮಾಗಿ ಕೈ ಹಾಕಿದಳು. ಅಗಿದಳು. "ಅನ್ನ ಚಲೋ ಮಾಡಿದ್ದಾನೆ" ಅಂದಳು.

ನನ್ನ ಗಂಡ ಯಾವಾಗಲೂ ಸಾಲ್ಮನ್. ಜಪಾನಿನವರೇ ಮೊದಲು ಸಾಲ್ಮನ್ ಹಸಿಯಾಗಿ ತಿನ್ನುತ್ತಿರಲಿಲ್ಲ, 1980ರ ದಶಕದಲ್ಲಿ ನಾರ್ವೆಯವರು ಹೋಗಿ ರೂಢಿ ಮಾಡಿಸಿದ್ದು. ನನಗೆ ಅದಕ್ಕಿಂತ ಶಿಮೆ ಸಾಬಾ ಜಾಸ್ತಿ ಇಷ್ಟ. ಸಾಬಾ ಅಂದರೆ ಅವರ ಬಂಗಡೆ. ನಮ್ಮ ಬಂಗಡೆಯ ಜಾತಿಯೇ ಬೇರೆ, ಆದರೆ ಒಂದೇ ಕುಟುಂಬದ ಮೀನು, ಬೆನ್ನಿನ ಮೇಲೆ ಅದೇ ನೀಲಿ ಹಸಿರು. ಅದನ್ನು ಸೀಳಿ, ಉಪ್ಪು ಹಚ್ಚಿಟ್ಟು, ತೊಳೆದು, ವಿನೆಗರಿನಲ್ಲಿ ನೆನೆಸುತ್ತಾರೆ. ಪೂರ್ತಿ ಹಸಿಯೂ ಅಲ್ಲ, ಬೇಯಿಸಿದ್ದೂ ಅಲ್ಲ.

ಹುಡುಗ ಅದನ್ನು ಕಟ್ಟಿದ ರೀತಿ ಹೇಳಲೇಬೇಕು. ವಿನೆಗರ್ ಬೆರೆಸಿದ ನೀರಿಗೆ ಬೆರಳು ಅದ್ದಿ, ಅಂಗೈಗಳನ್ನು ಒಮ್ಮೆ ತಟ್ಟಿದ. ಬಲಗೈಯಲ್ಲಿ ಒಂದು ಚಿಟಿಕೆ ಅನ್ನ ತೆಗೆದ. ಎಡಗೈಯಲ್ಲಿ ಮೀನಿನ ಹೋಳು, ಅದಕ್ಕೆ ತೋರುಬೆರಳಿನಿಂದ ಚೂರು ವಾಸಾಬಿ, ಅಂದರೆ ಮೂಗಿಗೇರುವ ಖಾರದ ಹಸಿರು ಮುದ್ದೆ, ಸವರಿದ. ಅನ್ನ ಅದರ ಮೇಲಿಟ್ಟು ಒತ್ತಿದ, ತಿರುವಿದ, ಮತ್ತೆ ಒತ್ತಿದ. ನಾಲ್ಕೈದು ಸೆಕೆಂಡು ಅಷ್ಟೇ. ತಟ್ಟೆಯಲ್ಲಿಟ್ಟಾಗ ಅನ್ನದ ಉಂಡೆ ಕೂದಲೆಳೆಯಷ್ಟು ಕೆಳಗೆ ಕುಸಿಯಿತು. ಒಳಗೆ ಗಾಳಿ ಇರುತ್ತದೆ, ಬಾಯಲ್ಲಿಟ್ಟ ಕೂಡಲೇ ಅಗುಳು ಅಗುಳಾಗಿ ಬಿಡಿಸಿಕೊಳ್ಳಬೇಕು. ಅನ್ನ ಮೈಬಿಸಿಯಷ್ಟೇ ಬೆಚ್ಚಗಿರಬೇಕು, ತಂಪಾಗಿ ಅಲ್ಲ. ಸೋಯಾ ಸಾಸ್‌ಗೆ ಮೀನಿನ ಬದಿಯನ್ನು ಮುಟ್ಟಿಸಬೇಕು, ಅನ್ನದ ಬದಿ ಅದ್ದಿದರೆ ಉಪ್ಪು ಹೀರಿ ಉದುರಿ ಹೋಗುತ್ತದೆ. ಒಂದೇ ತುತ್ತು.

ಅಮ್ಮ ಕಣ್ಣು ಮುಚ್ಚಿ ತಿಂದಳು. ಸ್ವಲ್ಪ ಹೊತ್ತು ಮಾತಿಲ್ಲ. "ಬಂಗಡೆಯೇ ಇದು" ಅಂದಳು ಆಮೇಲೆ, "ವಾಸನೆ ಇಲ್ಲ, ಆದರೆ ಬಂಗಡೆಯೇ."

ಆಗ ಮಗಳು ಸಾಬಾ ಕೈದೋ ಬಗ್ಗೆ ಹೇಳಿದಳು. ಹಾಗಂದರೆ ಬಂಗಡೆ ದಾರಿ. ವಾಕಾಸಾ ತೀರದ ಒಬಾಮಾ ಊರಿನಿಂದ ಕ್ಯೋಟೋಗೆ ಉಪ್ಪು ಹಾಕಿದ ಸಾಬಾವನ್ನು ಜನ ಹೊತ್ತು ನಡೆಯುತ್ತಿದ್ದ ಹಳೆಯ ಬೆಟ್ಟದ ದಾರಿ. ಕ್ಯೋಟೋ ಮುಟ್ಟುವಷ್ಟರಲ್ಲಿ ಉಪ್ಪು ಹದವಾಗಿ ಹಿಡಿದಿರುತ್ತಿತ್ತು, ಅಲ್ಲಿ ಇವತ್ತಿಗೂ ಹಬ್ಬಕ್ಕೆ ಸಾಬಾ ಸುಶಿ ಮಾಡುತ್ತಾರೆ. ಅಮ್ಮನಿಗೆ ಇದು ಹೊಸ ಕಥೆ ಅನ್ನಿಸಲೇ ಇಲ್ಲ. "ನಮ್ಮಲ್ಲೂ ಉಪ್ಪುಮೀನು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗ್ತಿತ್ತಲ್ಲ" ಅಂದಳು. ಮಗಳಿಗೆ ಇನ್ನೂ ಉತ್ಸಾಹ ಬಂತು. ಇದಕ್ಕೂ ಹಳೆಯ ಸುಶಿಯಲ್ಲಿ ಉಪ್ಪು ಹಾಕಿದ ಮೀನನ್ನು ಅನ್ನದೊಳಗೆ ತಿಂಗಳುಗಟ್ಟಲೆ ಹುಗಿದಿಡುತ್ತಿದ್ದರು, ಅನ್ನ ಹುಳಿಬಂದು ಮೀನು ಕೆಡದೆ ಉಳಿಯುತ್ತಿತ್ತು, ಆಮೇಲೆ ಮೀನು ಮಾತ್ರ ತಿಂದು ಅನ್ನ ಎಸೆಯುತ್ತಿದ್ದರು ಅಂದಳು. ಬಿವಾ ಸರೋವರದ ಹತ್ತಿರ ಫುನಾಜುಶಿ ಅಂತ ಆ ಬಗೆ ಈಗಲೂ ಇದೆ. ಅಮ್ಮ ನಿಜವಾಗಿಯೂ ನೊಂದುಕೊಂಡಳು. "ಅನ್ನ ಎಸೀತಿದ್ರಾ?"

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಇದನ್ನು ಓದಿ ಮಾರ್ಕೆಟಿನಿಂದ ಬಂಗಡೆ ತಂದು ಮನೆಯಲ್ಲಿ ಹಸಿಯಾಗಿ ಮಾಡಬೇಡಿ. ಸಮುದ್ರದ ಮೀನಿನಲ್ಲಿ ಸಣ್ಣ ಹುಳ ಇರಬಹುದು, ಅದು ವಿನೆಗರಿಗೆ ಸಾಯುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟರೆ ಸಾಯುತ್ತದೆ, ಮನೆಯ ಫ್ರಿಜ್‌ಗಳು ಅಷ್ಟು ತಂಪನ್ನು ಒಂದೇ ಸಮ ಹಿಡಿಯುವುದಿಲ್ಲ. ಈ ಹೋಟೆಲಿಗೆ ಬರುವ ಸಾಬಾ ಹಾಗೆ ಹೆಪ್ಪುಗಟ್ಟಿಸಿದ್ದೇ. ಮನೆಯಲ್ಲಿ ಮಾಡುವ ಆಸೆ ಇದ್ದರೆ ಸೌತೆಕಾಯಿ, ಮೊಟ್ಟೆ ಹಾಕಿ ಮಾಕಿ ಸುತ್ತಿ. ಪುಣೆ ಹತ್ತಿರದ ಮಾವಳದ ಇಂದ್ರಾಯಣಿ ಅಕ್ಕಿ ಅಂಟಂಟಾಗಿ ಬೇಯುತ್ತದೆ, ನಾನು ಅದರಲ್ಲೇ ಮಾಡುತ್ತೇನೆ, ಪರವಾಗಿಲ್ಲ ಅನ್ನುವಷ್ಟು ಚೆನ್ನಾಗಿ ಬರುತ್ತದೆ.

ಕೊನೆಗೆ ಮಗಳಿಗೆ ಉನಾಗಿ ಬಂತು. ಸಿಹಿ ಸೋಯಾ ಸಾಸ್ ಸವರಿ ಸುಟ್ಟ ಹಾವುಮೀನು, ಅನ್ನದ ಮೇಲೆ. ಪಕ್ಕದಲ್ಲಿ ಪುಟ್ಟ ಡಬ್ಬಿಯಲ್ಲಿ ಹಸಿರು ಪುಡಿ, ಸಾನ್‌ಶೋ. ಅಮ್ಮ ಹಾವುಮೀನು ಮುಟ್ಟಲಿಲ್ಲ, ಪುಡಿಯನ್ನು ಮಾತ್ರ ಬೆರಳ ತುದಿಯಲ್ಲಿ ನೆಕ್ಕಿದಳು. ಮುಖ ಅರಳಿತು. "ಇದು ಜುಮ್ಮನಕಾಯಿ!"

ಅವಳ ನಾಲಿಗೆ ತಪ್ಪಲಿಲ್ಲ. ಮನೆಗೆ ಬಂದು ಹುಡುಕಿ ನೋಡಿದೆ. ನಮ್ಮ ಬಂಗಡೆ ಸಾರಿಗೆ ಹಾಕುವ ಜುಮ್ಮನಕಾಯಿ, ಗೋವಾದವರ ತಿರಫಳ, ಅದೂ ಸಾನ್‌ಶೋ ಗಿಡವೂ ಒಂದೇ ಕುಲದವು. ನಾಲಿಗೆ ಜುಮ್ಮೆನ್ನುವುದು ಎರಡರಲ್ಲೂ ಒಂದೇ. ಎರಡರಲ್ಲೂ ಬೀಜ ತೆಗೆದು ಸಿಪ್ಪೆ ಬಳಸುತ್ತಾರೆ.

ಬಿಲ್ ನಾಲ್ಕು ಜನಕ್ಕೆ 3,600 ರೂಪಾಯಿ ಆಯಿತು. ಅಗ್ಗ ಅಲ್ಲ, ನಾವು ಎರಡು ತಿಂಗಳಿಗೊಮ್ಮೆ ಹೋಗುವುದು. ಹೊರಡುವಾಗ ಅಮ್ಮ ಹುಡುಗನಿಗೆ ಕನ್ನಡದಲ್ಲೇ "ಊಟ ಚಲೋ ಆಯ್ತು ಮಗಾ" ಅಂದಳು, ಅವನು ಬಗ್ಗಿ ಕೈ ಮುಗಿದ.

ಫೆಬ್ರವರಿಯಲ್ಲಿ ಕುಮಟಾದಿಂದ ಪಾರ್ಸೆಲ್ ಬಂತು. ಹಪ್ಪಳ, ಮುರುಗಲು ಸಿಪ್ಪೆ, ಅದರ ನಡುವೆ ಒಣಗಿಸಿದ ಜುಮ್ಮನಕಾಯಿಯ ಎರಡು ಪೊಟ್ಟಣ. ಒಂದರ ಮೇಲೆ ಅಮ್ಮನ ಕೈಬರಹದಲ್ಲಿ "ಅನ್ನ ಮಾಡುವ ಹುಡುಗನಿಗೆ" ಅಂತ ಇತ್ತು. ಅದೇ ಶನಿವಾರ ಕೊಟ್ಟು ಬಂದೆ. ಅವನು ಒಂದು ಕಾಯಿ ಬಿಡಿಸಿ, ಬೀಜ ಉದುರಿಸಿ, ಸಿಪ್ಪೆಯನ್ನು ಹಲ್ಲಿನ ನಡುವೆ ಇಟ್ಟು ಸ್ವಲ್ಪ ಹೊತ್ತು ನಿಂತ. ನಮ್ಮ ಊರಲ್ಲೂ ಇಂಥದ್ದೇ ಒಂದು ಇದೆ ದೀದಿ, ಅಂದ. ಆಮೇಲೆ ಪೊಟ್ಟಣವನ್ನು ಸಾನ್‌ಶೋ ಡಬ್ಬಿಯ ಪಕ್ಕದಲ್ಲೇ ಇಟ್ಟ.