200 ಮೀಟರ್ ಅಂತ ಹೇಳಿ 211 ಮೀಟರ್ ಓಡಿಸಿದ್ದು

ಬಿ.ಪಿ.ಎಡ್. (ಪಿ.ಟಿ. ಟೀಚರ್ ಆಗಲು ಓದುವ ಕೋರ್ಸು) ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ನಾನು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು 200 ಮೀಟರ್ ಓಟ ಅಂತ ಹೇಳಿ 211 ಮೀಟರ್ ಓಡಿಸಿದ್ದೇನೆ. ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗ ಅದೇ ಕೋರ್ಸು ಓದುತ್ತಿರುವ ಊರಿನ ಮಕ್ಕಳು ಆಗಾಗ ಫೋನ್ ಮಾಡಿ "ಅಕ್ಕಾ, ಯಾವುದನ್ನು ಜಾಸ್ತಿ ಓದಬೇಕು?" ಅಂತ ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇದೇ ಕಥೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಹೋದರೆ ಸಿಗುವ ಒಂದು ಕನ್ನಡ ಮೀಡಿಯಂ ಶಾಲೆ. ಮೈದಾನ ಅಂದರೆ ಗುಡ್ಡ ಕಡಿದು ಮಾಡಿದ ಕೆಂಪು ಮಣ್ಣಿನ ಜಾಗ. ಒಂದು ಬದಿ ಅಡಿಕೆ ತೋಟ, ಇನ್ನೊಂದು ಬದಿ ಧರೆ. 400 ಮೀಟರಿನ ಟ್ರ್ಯಾಕ್ ಅಲ್ಲಿ ಕನಸಿನಲ್ಲೂ ಹಿಡಿಸದು. ಹಿಂದಿನ ಮಾಷ್ಟ್ರು 200 ಮೀಟರಿನ ಟ್ರ್ಯಾಕ್ ಮಾಡಿಸಿ, ಒಳ ಅಂಚಿಗೆ ಮುರಕಲ್ಲು ಹುಗಿದು ಗಿಡ್ಡ ಕಟ್ಟೆ ಕಟ್ಟಿಸಿ ಹೋಗಿದ್ದರು. ನೇರ ಭಾಗ ಎರಡು ಕಡೆಯೂ 40 ಮೀಟರ್, ಉಳಿದ 120 ಮೀಟರ್ ಎರಡು ತಿರುವುಗಳಲ್ಲಿ. ನಾನು ಮಾಡಬೇಕಾದದ್ದು ಇಷ್ಟೇ: ಸುಣ್ಣದ ಹುಡಿ ಹಾಕಿ ನಾಲ್ಕು ಲೇನ್ ಎಳೆಯುವುದು, ಸ್ಟಾಗರ್ ಗುರುತು ಮಾಡುವುದು.

ಸ್ಟಾಗರ್ ಗೊತ್ತಲ್ವಾ? ಹೊರಗಿನ ಲೇನಿನವರಿಗೆ ತಿರುವಿನಲ್ಲಿ ದೂರ ಜಾಸ್ತಿ ಆಗುತ್ತದೆ, ಅದಕ್ಕೆ ಅವರನ್ನು ಅಷ್ಟು ಮುಂದೆ ನಿಲ್ಲಿಸುವುದು. ನನಗೆ ಆ ಟೇಬಲ್ ಬಾಯಿಪಾಠ. 200 ಮೀಟರ್ ಓಟಕ್ಕೆ ಎರಡನೇ ಲೇನು 3.52 ಮೀಟರ್ ಮುಂದೆ, ಮೂರನೇದು 7.35, ನಾಲ್ಕನೇದು 11.18. ಪರೀಕ್ಷೆಯಲ್ಲಿ ಪೂರ್ತಿ ಮಾರ್ಕು ಬಂದ ಪ್ರಶ್ನೆ ಅದು. ರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅದನ್ನೇ ಅಳೆದು ಹಾಕಿದೆ. ಸ್ಪೋರ್ಟ್ಸ್ ಡೇ ಆಯಿತು, ಫೈನಲ್ ಆಯಿತು, ಸರ್ಟಿಫಿಕೇಟೂ ಬರೆದಾಯಿತು.

ಮರುದಿನ ಕೋಣೆಯ ಬಾಗಿಲಲ್ಲಿ ಆ ಹುಡುಗಿ ಬಂದು ನಿಂತಳು. "ಟೀಚರೇ, ನಾಲ್ಕನೇ ಲೇನಲ್ಲಿ ಓಡಿದವರು ಯಾರೂ ಗೆದ್ದಿಲ್ಲ ಅಲ್ವಾ?"

ದೂರು ಹೇಳುವ ಹಾಗೆ ಇರಲಿಲ್ಲ ಅವಳ ಸ್ವರ, ಸುಮ್ನೆ ಕೇಳಿದ ಹಾಗಿತ್ತು. ನಾನೂ "ಚೆನ್ನಾಗಿ ಪ್ರಾಕ್ಟೀಸ್ ಮಾಡು" ಅಂತ ಏನೋ ಹೇಳಿ ಕಳಿಸಿದೆ. ಆಮೇಲೆ ಮನಸ್ಸು ತಡೆಯದೆ ಹೀಟ್ಸಿನ (ಫೈನಲಿಗೆ ಮೊದಲಿನ ಓಟಗಳ) ಹಾಳೆಗಳನ್ನು ಹರಡಿ ನೋಡಿದೆ. ಆರು ಹೀಟ್ಸಿನಲ್ಲಿ ಐದನ್ನು ಒಂದನೇ ಲೇನಿನವರು ಗೆದ್ದಿದ್ದರು. ನಾಲ್ಕನೇ ಲೇನಿನವರು ಐದರಲ್ಲಿ ಕೊನೆ. ಹೊಟ್ಟೆಯಲ್ಲಿ ಒಂಥರಾ ಆಯಿತು. ಯಾಕೆಂದರೆ ಇಷ್ಟು ಬಿಗಿ ತಿರುವಿರುವ ಟ್ರ್ಯಾಕಿನಲ್ಲಿ ಕಷ್ಟ ಆಗಬೇಕಾದದ್ದು ಒಳಗಿನ ಲೇನಿನವರಿಗೆ, ವೇಗ ಹಿಡಿದುಕೊಂಡು ತಿರುಗಲು ಒದ್ದಾಡುವವರು ಅವರು.

ಆ ದಿನ ಮೊದಲ ಸಲ 3.52 ಎಲ್ಲಿಂದ ಬಂತು ಅಂತ ಪೆನ್ನು ಹಿಡಿದು ಕುಳಿತೆ. ಲೇನಿನ ಅಗಲ 1.22 ಮೀಟರ್. ಒಂದನೇ ಲೇನನ್ನು ಕಟ್ಟೆಯಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತೇವೆ, ಉಳಿದದ್ದನ್ನು ಒಳಗೆರೆಯಿಂದ 20 ಬಿಟ್ಟು. ಹಾಗಾಗಿ ಒಂದನೇದಕ್ಕೂ ಎರಡನೇದಕ್ಕೂ ನಡುವೆ ಓಡುವ ದಾರಿಯ ಅಂತರ 1.12. ಒಂದು ತಿರುವು ಅಂದರೆ ಅರ್ಧ ವೃತ್ತ. 1.12ನ್ನು 3.14ರಿಂದ ಗುಣಿಸಿದರೆ 3.52. ಅಂದರೆ ಅದು ಒಂದು ತಿರುವಿನ ಲೆಕ್ಕ! 400 ಮೀಟರಿನ ಟ್ರ್ಯಾಕಿನಲ್ಲಿ 200 ಓಡುವಾಗ ಸಿಗುವುದು ಒಂದೇ ತಿರುವು. ನಮ್ಮ ಟ್ರ್ಯಾಕಿನಲ್ಲಿ 200 ಅಂದರೆ ಪೂರ್ತಿ ಒಂದು ಸುತ್ತು, ಎರಡು ತಿರುವು. ಎಲ್ಲವೂ ದುಪ್ಪಟ್ಟು ಆಗಬೇಕಿತ್ತು: 7.04, 14.70, 22.37. ನಾಲ್ಕನೇ ಲೇನಿನವಳನ್ನು ನಾನು 11 ಮೀಟರಿಗಿಂತ ಜಾಸ್ತಿ ಹಿಂದೆ ನಿಲ್ಲಿಸಿದ್ದೆ. ಆ ಪ್ರಾಯದ ಮಕ್ಕಳಿಗೆ ಅದು ಹತ್ತಿರ ಹತ್ತಿರ ಎರಡು ಸೆಕೆಂಡು. ಉಸೇನ್ ಬೋಲ್ಟ್ ಬಂದರೂ ಆ 11 ಮೀಟರಿಗೆ ಒಂದು ಸೆಕೆಂಡು ಬೇಕು.

ಟೇಬಲ್ ಸರಿಯೇ ಇತ್ತು. ಮೇಲೆ 'ಸ್ಟ್ಯಾಂಡರ್ಡ್ ಟ್ರ್ಯಾಕ್', ಅಂದರೆ 400 ಮೀಟರಿನದು, ಅಂತ ಬರೆದೂ ಇತ್ತು. ನಾನು ಓದಿದ್ದು ಅಂಕಿಗಳನ್ನು ಮಾತ್ರ. ಕಾಲೇಜಿನಲ್ಲಿ ಮಾರ್ಕಿಂಗ್ ಪ್ರಾಕ್ಟಿಕಲ್ ಎಲ್ಲ ದೊಡ್ಡ ಮೈದಾನದಲ್ಲೇ ಆದದ್ದು, ಶಾಲೆಯ ಸಣ್ಣ ಮೈದಾನದಲ್ಲಿ ಏನು ಮಾಡುವುದು ಅಂತ ನಾನು ಕೇಳಲೂ ಇಲ್ಲ.

ಹೆಡ್ ಮಾಷ್ಟ್ರಿಗೆ ಹೇಳಿದೆ. ಬೈಯಲಿಲ್ಲ, ಆದರೆ "ಸರ್ಟಿಫಿಕೇಟ್ ಬರೆದಾಯಿತಲ್ಲ" ಅಂತ ಮೂರು ಸಲ ಹೇಳಿದರು. ಕೊನೆಗೆ ಇನ್ನೊಮ್ಮೆ ಓಡಿಸಲು ಒಪ್ಪಿದರು. ಮೊದಲು ಗೆದ್ದಿದ್ದ ಹುಡುಗಿಯ ಅಪ್ಪ ಶಾಲೆಗೇ ಬಂದರು. "ಟೀಚರೇ, ನನ್ನ ಮಗಳು ಫಸ್ಟ್ ಬಂದದ್ದು ಸುಳ್ಳಾ?" ಅವರನ್ನು ಶಾಲೆಯ ಬಾವಿಯ ಹತ್ತಿರ ಕರೆದುಕೊಂಡು ಹೋದೆ. ಕಟ್ಟೆಗೆ ತಾಗಿ ಒಂದು ಸುತ್ತು ಹಗ್ಗ ಹಿಡಿದೆವು, ಆಮೇಲೆ ಒಂದು ಮೀಟರ್ ಹೊರಗೆ ಇನ್ನೊಂದು ಸುತ್ತು. ಆರು ಮೀಟರ್ ಚಿಲ್ಲರೆ ಜಾಸ್ತಿ ಬಂತು. "ಇದೇ ಲೆಕ್ಕ ದೊಡ್ಡ ಮೈದಾನಕ್ಕೂ" ಅಂದೆ. ಅವರು ನಂಬಲಿಲ್ಲ. "ಬಾವಿ ಸಣ್ಣದು, ಮೈದಾನ ದೊಡ್ಡದು, ಒಂದೇ ಹೇಗೆ ಆಗ್ತದೆ?" ಹೊರಟವರು ದಾರಿಯಲ್ಲಿದ್ದ ತೆಂಗಿನಮರದ ಬುಡಕ್ಕೆ ಹಗ್ಗ ಸುತ್ತಿ ನೋಡಿದರು. ಅಲ್ಲೂ ಆರು ಚಿಲ್ಲರೆ. ಏನೂ ಮಾತಾಡದೆ ಹಗ್ಗ ವಾಪಸ್ ಕೊಟ್ಟು ಹೋದರು.

ಎರಡನೇ ಸಲ ಗುರುತು ಹಾಕುವಾಗಲೂ ಒಂದು ಎಡವಟ್ಟು ಆಗುವುದರಲ್ಲಿತ್ತು. ಟೇಪನ್ನು ತಿರುವಿನಲ್ಲಿ ನೇರವಾಗಿ ಎಳೆದು 22.37 ಹಿಡಿದಿದ್ದೆ. ಶಾಲೆಯ ಪ್ಯೂನ್ ಅಣ್ಣ ಹಿಡಿದಿದ್ದ ತುದಿ ಬಿಟ್ಟು ನಕ್ಕರು: "ಮಕ್ಕಳು ಹೀಗೆ ನೆಟ್ಟಗೆ ಓಡ್ತಾರಾ?" ನಿಜವೇ. ಬಾಗಿದ ದಾರಿಯ ಉದ್ದವನ್ನು ಅಡ್ಡ ಹಾಯಿಸಿ ಅಳೆದರೆ ನಮ್ಮ ನಾಲ್ಕನೇ ಲೇನಿನಲ್ಲಿ ಸುಮಾರು ಒಂದು ಮೀಟರ್ ವ್ಯತ್ಯಾಸ ಬರುತ್ತದೆ. ಓಡುವ ಗೆರೆಯ ಉದ್ದಕ್ಕೂ ಮೀಟರಿಗೊಂದರಂತೆ ತೆಂಗಿನ ಗರಿಯ ಕಡ್ಡಿ ಚುಚ್ಚಿ, ಟೇಪನ್ನು ಅವಕ್ಕೆ ತಾಗಿಸಿಕೊಂಡು ಹೋದೆವು. ಈಗಲೂ ಹಾಗೇ ಮಾಡುತ್ತೇನೆ.

ಮತ್ತೆ ಓಡಿಸಿದಾಗ ಆ ಹುಡುಗಿ ಸೆಕೆಂಡ್ ಬಂದಳು. ಮೊದಲು ಗೆದ್ದಿದ್ದವಳು ಮೂರನೆಯವಳಾದಳು. ಫಸ್ಟ್ ಬಂದವಳು ಮೊದಲ ಸಲ ಫೈನಲಿಗೇ ಬಂದಿರಲಿಲ್ಲ.

ಉಪಜಿಲ್ಲಾ ಕ್ರೀಡಾಕೂಟ ನಡೆದದ್ದು 400 ಮೀಟರಿನ ಟ್ರ್ಯಾಕಿನಲ್ಲಿ. ಮೈಕಿನಲ್ಲಿ ಮಲಯಾಳದಲ್ಲಿ ಹೆಸರು ಕರೆಯುತ್ತಿದ್ದರು, ನಮ್ಮವಳಿಗೆ ಸಿಕ್ಕಿದ್ದು ಮತ್ತೆ ನಾಲ್ಕನೇ ಲೇನು. ಗುರುತು ನೋಡಿದವಳೇ ಓಡಿ ಬಂದು ನನ್ನ ಕೈ ಹಿಡಿದಳು.

"ಟೀಚರೇ, ಇಲ್ಲಿ ಸ್ಟಾಗರ್ ಕಮ್ಮಿ ಕೊಟ್ಟಿದ್ದಾರೆ. 22 ಇಲ್ಲ."

"ಇಲ್ಲಿ ಎಷ್ಟು ತಿರುವು ಓಡ್ತಿ, ನೋಡು" ಅಂದೆ.

ಸ್ಟಾರ್ಟಿನಿಂದ ಫಿನಿಶಿನವರೆಗೆ ಬೆರಳು ತೋರಿಸುತ್ತಾ ಕಣ್ಣಲ್ಲೇ ಒಮ್ಮೆ ಓಡಿದಳು. "ಒಂದೇ" ಅಂದವಳು, ಶೂ ಲೇಸ್ ಕಟ್ಟಿಕೊಂಡು ಲೇನಿಗೆ ಹೋದಳು.