ಕ್ಯಾಂಪರ್ ಬೆನ್ನಿಗೊಂದು ದೋಣಿ: ನಡುವಿನ ಗಾಡಿಯ ಲೆಕ್ಕ

ಮುಂದೆ ಪಿಕಪ್ ಟ್ರಕ್, ಅದರ ಹಿಂದೆ ಕ್ಯಾಂಪರ್ (ಎಳೆದೊಯ್ಯುವ ಚಕ್ರದ ಮನೆ), ಕ್ಯಾಂಪರ್‌ನ ಬಾಲಕ್ಕೆ ದೋಣಿ ಹೊತ್ತ ಟ್ರೇಲರ್. ಬೇಸಿಗೆಯಲ್ಲಿ ಮಿಷಿಗನ್‌ನ ಐ-75 ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದವರೆಲ್ಲ ಈ ಮೆರವಣಿಗೆಯನ್ನು ನೋಡಿರುತ್ತಾರೆ. ಡೆಟ್ರಾಯ್ಟ್ ಸುತ್ತಮುತ್ತಲಿನ ಕನ್ನಡಿಗರಲ್ಲೂ ಕ್ಯಾಂಪರ್ ಕೊಂಡವರಿದ್ದಾರೆ. ಒಂದೆರಡು ಬೇಸಿಗೆ ಕಳೆದ ಮೇಲೆ ಕೆರೆ ಪಕ್ಕದಲ್ಲೇ ಬಿಡಾರ ಹೂಡಿಯೂ ದೋಣಿ ಇಲ್ಲವಲ್ಲ ಅನ್ನಿಸುತ್ತದೆ. ಆಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ: ‘ನನ್ನ ಟ್ರಕ್ ಎರಡನ್ನೂ ಎಳೆಯುತ್ತಾ?’

ಎಳೆಯುತ್ತದೆ. ‘ಮುಕ್ಕಾಲು ಟನ್’ ವರ್ಗದ ಡೀಸೆಲ್ ಟ್ರಕ್ಕಿಗೆ ಇನ್ನೊಂದು ಮೂರು ಸಾವಿರ ಪೌಂಡ್ ದೊಡ್ಡ ಹೊರೆಯಲ್ಲ. ಕೇಳಬೇಕಾದ್ದು ನಡುವೆ ಇರುವ ಕ್ಯಾಂಪರ್ ಬಗ್ಗೆ. ಅದನ್ನು ಎಳೆಸಿಕೊಳ್ಳಲು ಕಟ್ಟಿದ್ದಾರೆಯೇ ಹೊರತು ಇನ್ನೊಂದನ್ನು ಎಳೆಯಲು ಅಲ್ಲ. ಈ ಜೋಡಣೆಯಲ್ಲಿ ಕೆಡುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ಕೆಡುತ್ತದೆ.

ಮೊದಲು ಕಾನೂನು, ಚುಟುಕಾಗಿ. ಅಮೆರಿಕದಲ್ಲಿ ಇದು ರಾಜ್ಯಕ್ಕೊಂದು ತರ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಕ್ಲಾಸ್ ಸಿ ಲೈಸೆನ್ಸ್ ಇರುವವರು ಒಂದಕ್ಕಿಂತ ಹೆಚ್ಚು ಗಾಡಿ ಎಳೆಯುವಂತಿಲ್ಲ. ಮಿಷಿಗನ್‌ನಲ್ಲಿ ಎಳೆಯಬಹುದು, ಆದರೆ ಮುಂದಿರುವುದು ಪಿಕಪ್ ಆಗಿರಬೇಕು, ನಡುವಿನದು ಫಿಫ್ತ್ ವೀಲ್ ಕ್ಯಾಂಪರ್ (ಟ್ರಕ್ಕಿನ ಬೆಡ್ಡಿನೊಳಗೆ, ಅಂದರೆ ಹಿಂದಿನ ತೆರೆದ ತೊಟ್ಟಿಯಲ್ಲಿ, ಕೊಂಡಿ ಹಾಕುವಂಥದ್ದು) ಆಗಿರಬೇಕು, ಹೊರೆಯೂ ಸೇರಿ ಒಟ್ಟು ಉದ್ದ 75 ಅಡಿ ದಾಟಬಾರದು. ಲೈಸೆನ್ಸಿನ ಮೇಲೆ ‘ಆರ್’ ಎಂಡಾರ್ಸ್‌ಮೆಂಟ್ ಎಂಬ ಹೆಚ್ಚುವರಿ ಅನುಮತಿ ಬೇಕು. ಅದಕ್ಕೊಂದು ಲಿಖಿತ ಪರೀಕ್ಷೆ ಇದೆ. ಮಿನೆಸೋಟಾದಲ್ಲಿ ಉದ್ದದ ಮಿತಿ 70 ಅಡಿ. ಗಡಿ ದಾಟುವ ಪ್ರವಾಸವಾದರೆ ದಾರಿಯಲ್ಲಿ ಸಿಗುವ ಪ್ರತಿ ರಾಜ್ಯದ ನಿಯಮವನ್ನೂ ಹೊರಡುವ ಮೊದಲೇ ನೋಡಿ. ವಿಮೆಯವರಿಗೂ ಒಂದು ಫೋನ್ ಮಾಡಿ, ಎರಡನೇ ಟ್ರೇಲರಿಗೆ ರಕ್ಷಣೆ ಇದೆಯೇ ಎಂದು ಬರಹದಲ್ಲಿ ಪಡೆಯಿರಿ.

ಉದ್ದವನ್ನು ಟೇಪ್ ಹಿಡಿದೇ ಅಳೆಯಬೇಕು, ಬ್ರೋಷರ್ ನಂಬಬಾರದು. ನಾಲ್ಕು ಬಾಗಿಲಿನ, ಎಂಟಡಿ ಬೆಡ್ಡಿನ ಟ್ರಕ್ ಸುಮಾರು 22 ಅಡಿ. 32 ಅಡಿಯ ಫಿಫ್ತ್ ವೀಲ್‌ನ ಮೂತಿ ಬೆಡ್ಡಿನ ಮೇಲೆ ಐದಡಿಯಷ್ಟು ಚಾಚಿಕೊಳ್ಳುವುದರಿಂದ ಎರಡೂ ಸೇರಿ 49. ಅದಕ್ಕೆ 24 ಅಡಿಯ ದೋಣಿ ಟ್ರೇಲರ್ ಸೇರಿದರೆ 73. ಅದೇ ಕ್ಯಾಂಪರ್ 36 ಅಡಿಯದಾದರೆ 77, ಅಂದರೆ ಮಿತಿ ಮೀರಿತು. ದೋಣಿಯ ಮೋಟರನ್ನು ಮೇಲೆತ್ತಿ ನಿಲ್ಲಿಸಿದಾಗ ಅದು ಹಿಂದಕ್ಕೆ ಚಾಚುವ ಒಂದೆರಡು ಅಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮರೆಯುವುದು ಇಲ್ಲೇ.

ಇನ್ನು ಫಿಫ್ತ್ ವೀಲೇ ಯಾಕೆ ಬೇಕು? ಎತ್ತಿನ ಗಾಡಿಗೆ ಹೊರೆ ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾರ ಮುಂದಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂದಾದರೆ ಮೂಕಿ ಮೇಲೆದ್ದು ಕೊರಳಪಟ್ಟಿ ಎತ್ತಿನ ಗಂಟಲು ಹಿಡಿಯುತ್ತದೆ. ಟ್ರೇಲರ್‌ದೂ ಅದೇ ಕತೆ. ಬಾಲ್ ಹಿಚ್ಚಿಗೆ, ಅಂದರೆ ಮುಂದಿನ ಗಾಡಿಯ ಹಿಂಬದಿಯ ಕಬ್ಬಿಣದ ಉಂಡೆಗೆ, ಸಿಕ್ಕಿಸುವ ಟ್ರೇಲರ್‌ನ ಮೂಕಿಭಾರ (ಮೂಕಿ ಆ ಉಂಡೆಯ ಮೇಲೆ ಹೇರುವ ಭಾರ) ಅದರ ಒಟ್ಟು ತೂಕದ ಶೇ 10ರಿಂದ 15 ಇರಬೇಕು. ಶೇ 10ರ ಕೆಳಗಿಳಿದರೆ ಬಾಲ ಅಲ್ಲಾಡತೊಡಗುತ್ತದೆ. ಫಿಫ್ತ್ ವೀಲಿನಲ್ಲಿ ಪಿನ್ (ಮೂತಿಯ ಕೆಳಗಿನ ಕೊಂಡಿ) ಮೇಲೆ ಕೂರುವ ಭಾರ ಶೇ 15ರಿಂದ 25.

ಈಗ ಕ್ಯಾಂಪರ್‌ನ ಹಿಂತುದಿಗೆ ದೋಣಿ ಟ್ರೇಲರ್‌ನ ಮೂಕಿಯನ್ನು ಕೂರಿಸಿದಿರಿ ಅನ್ನಿ. ಕ್ಯಾಂಪರ್‌ನ ಚಕ್ರಗಳೇ ಆನಿಕೆ, ಇಡೀ ಚಾಸಿಯೇ ಏತದ ಮರ. ಹಿಂದೆ ಒತ್ತಿದಷ್ಟೂ ಮುಂದೆ ಏಳುತ್ತದೆ. ಲೆಕ್ಕ ಸುಲಭ: ಚಕ್ರಗಳ ನಡುಬಿಂದುವಿನಿಂದ ಹಿಂದಿನ ಬಾಲಿನವರೆಗಿನ ದೂರವನ್ನು, ಅದೇ ನಡುಬಿಂದುವಿನಿಂದ ಮುಂದಿನ ಕೊಂಡಿಯವರೆಗಿನ ದೂರದಿಂದ ಭಾಗಿಸಿ, ಬಂದದ್ದನ್ನು ದೋಣಿಯ ಮೂಕಿಭಾರದಿಂದ ಗುಣಿಸಿ. ಅಷ್ಟು ಭಾರ ಮುಂದೆ ಕಡಿಮೆಯಾಗುತ್ತದೆ.

6,000 ಪೌಂಡಿನ ಸಾಮಾನ್ಯ ಟ್ರಾವೆಲ್ ಟ್ರೇಲರ್, ಅಂದರೆ ಬಾಲ್ ಹಿಚ್ಚಿಗೆ ಸಿಕ್ಕಿಸುವ ಕ್ಯಾಂಪರ್, ತೆಗೆದುಕೊಳ್ಳಿ. ಮೂಕಿಭಾರ 720 ಪೌಂಡ್, ಅಂದರೆ ಶೇ 12, ಒಳ್ಳೆಯ ಸಮತೋಲ. ಕಪ್ಲರಿನಿಂದ (ಮೂಕಿಯ ತುದಿಯ ಕೊಂಡಿ) ಚಕ್ರದ ನಡುವಿಗೆ 16 ಅಡಿ, ಅಲ್ಲಿಂದ ಹಿಂತುದಿಗೆ 11 ಅಡಿ. ದೋಣಿಯ ಮೂಕಿಭಾರ 350 ಪೌಂಡ್ ಕೂರಿಸಿದರೆ ಮುಂದೆ ಸುಮಾರು 240 ಪೌಂಡ್ ಹಾರಿಹೋಗುತ್ತದೆ. ಉಳಿದದ್ದು 480, ಶೇ 8. ಇದು ಗಾಡಿ ನಿಂತಿರುವಾಗಿನ ಮಾತು. ಸೇತುವೆಯ ಜೋಡಿನ ಮೇಲೆ ದಡಕ್ಕೆಂದು ಹಾರಿದಾಗ ಹಿಂದಿನ ಭಾರ ಆ ಕ್ಷಣಕ್ಕೆ ಇಮ್ಮಡಿಯಾದರೂ ಮುಂದೆ ಶೇ 4 ಮಾತ್ರ ಉಳಿಯುತ್ತದೆ.

ಅದೇ 10,000 ಪೌಂಡಿನ ಫಿಫ್ತ್ ವೀಲಿನಲ್ಲಿ ಪಿನ್ ಭಾರ 2,000. ಪಿನ್‌ನಿಂದ ಚಕ್ರಕ್ಕೆ 20 ಅಡಿ, ಚಕ್ರದಿಂದ ಹಿಂದಿನ ಬಾಲಿಗೆ 12. ಅದೇ 350 ಪೌಂಡ್ ಹಿಂದೆ ಕೂತರೆ ಮುಂದೆ ಹೋಗುವುದು 210. ಪಿನ್ ಮೇಲೆ ಇನ್ನೂ 1,790 ಇರುತ್ತದೆ. ಜೊತೆಗೆ ಪಿನ್ ಕೂರುವುದು ಟ್ರಕ್ಕಿನ ಹಿಂದಿನ ಆಕ್ಸಲಿನ ನೆತ್ತಿಯ ಮೇಲೆ. ಬಂಪರಿನ ಬಾಲಾದರೆ ಆಕ್ಸಲಿನಿಂದ ನಾಲ್ಕೈದು ಅಡಿ ಹಿಂದಿರುತ್ತದೆ, ಕ್ಯಾಂಪರ್ ಅಲ್ಲಾಡಿದಾಗ ಆ ನಾಲ್ಕೈದು ಅಡಿಯ ಸನ್ನೆಯಲ್ಲೇ ಟ್ರಕ್ಕಿನ ಹಿಂಭಾಗವನ್ನು ತಳ್ಳುತ್ತದೆ. ಹಾಗಾಗಿ ಟ್ರಾವೆಲ್ ಟ್ರೇಲರಿನ ಹಿಂದೆ ಇನ್ನೊಂದು ಗಾಡಿ ಕಟ್ಟಲು ಯಾವುದೋ ರಾಜ್ಯ ಬಿಟ್ಟರೂ ಕಟ್ಟಬೇಡಿ ಎಂದೇ ಹೇಳುವೆ.

ಆ 210 ಪೌಂಡ್ ಮಾಯವಾಗುವುದಿಲ್ಲ ಎಂಬುದೂ ನೆನಪಿರಲಿ. 350 ಮತ್ತು 210 ಸೇರಿ 560 ಪೌಂಡ್ ಕ್ಯಾಂಪರ್‌ನ ಆಕ್ಸಲುಗಳ ಮೇಲೆ ಬೀಳುತ್ತದೆ. ಮೊದಲೇ 8,000 ಇದ್ದದ್ದು 8,560 ಆಯಿತು. ಅಲ್ಲಿರುವುದು 4,400 ಪೌಂಡಿನ ಎರಡು ಆಕ್ಸಲಾದರೆ ಮಿತಿ 8,800. ಉಳಿದ ಅವಕಾಶ 240. ಟಯರಿನ ಪಕ್ಕೆಯ ಮೇಲೆ ಬರೆದ ಹೊರೆಯ ಮಿತಿಯನ್ನೂ ಇದೇ ಅಂಕಿಗೆ ಹೋಲಿಸಿ ನೋಡಬೇಕು.

ಇದನ್ನೆಲ್ಲ ಕಾಗದದ ಮೇಲೆ ನಂಬಿ ಕೂರುವ ಬದಲು ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಎರಡು ಸಲ ಹೋಗಿ. ಮೊದಲ ಸಲ ಟ್ರಕ್ ಮತ್ತು ಕ್ಯಾಂಪರ್ ಮಾತ್ರ: ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನದು ಎರಡನೆಯದರ ಮೇಲೆ, ಕ್ಯಾಂಪರ್‌ನ ಚಕ್ರಗಳು ಮೂರನೆಯದರ ಮೇಲೆ. ಎರಡನೇ ಸಲ ದೋಣಿ ಸಿಕ್ಕಿಸಿಕೊಂಡು, ದೋಣಿ ಟ್ರೇಲರ್‌ನ ಚಕ್ರ ಮಾತ್ರ ಹಲಗೆಯಿಂದಾಚೆ ನಿಲ್ಲುವಂತೆ. ಎರಡು ಚೀಟಿಗಳ ವ್ಯತ್ಯಾಸವೇ ನಿಮ್ಮ ಗಾಡಿಯ ನಿಜವಾದ ಲೆಕ್ಕ. ಟ್ಯಾಂಕಿನ ನೀರು, ಸಾಮಾನು, ಮಂದಿ ಎಲ್ಲ ಪ್ರವಾಸದ ದಿನ ಇರುವಂತೆಯೇ ಇರಲಿ.

ಇನ್ನು ಹಿಂದಿನ ಹಿಚ್. ಕ್ಯಾಂಪರ್‌ನ ಹಿಂದೆ ಕಾಣುವ ನಾಲ್ಕಿಂಚಿನ ಚೌಕ ಬಂಪರ್ ತೆಳು ತಗಡಿನ ಕೊಳವೆ. ಅದರೊಳಗೆ ಕೊಳಚೆ ಪೈಪ್ ಇಡುತ್ತಾರೆ, ಹಿಂದೆ ಸ್ಟೆಪ್ನಿ ನೇತುಹಾಕುತ್ತಾರೆ, ಅಷ್ಟೇ. ಅದಕ್ಕೆ ತೂತು ಕೊರೆದು ಬಾಲ್ ಕೂರಿಸಿದರೆ ಕೊಳವೆ ತಿರುಚಿಕೊಂಡು ಬೆಸುಗೆಯ ಬಳಿ ಸೀಳುತ್ತದೆ. ರಿಸೀವರ್ (ಬಾಲ್ ಮೌಂಟ್ ತೂರಿಸುವ ಕೊಳವೆ) ನೇರವಾಗಿ ಚಾಸಿಯ ಎರಡು ಮುಖ್ಯ ಐ-ಬೀಮುಗಳಿಗೇ ಹೋಗಬೇಕು. ಬೋಲ್ಟ್ ಹಾಕುವುದಾದರೆ ಬೀಮಿನ ನಡುಗೋಡೆಗೆ ಕೊರೆಯಿರಿ, ಕೆಳಗಿನ ಪಟ್ಟಿಗೆ ಬೇಡ. ಬಾಗುವ ಒತ್ತಡವೆಲ್ಲ ಆ ಪಟ್ಟಿಯಲ್ಲೇ ಇರುತ್ತದೆ. ಬೆಸುಗೆ ಹಾಕುವುದಾದರೆ ಪಟ್ಟಿಗೆ ಅಡ್ಡವಾಗಿ ಗೆರೆ ಎಳೆಯುವಂತೆ ಹಾಕಬಾರದು, ಬಿರುಕು ಬಿಡುವುದು ಆ ಗೆರೆಯಲ್ಲೇ. ಹಿಂಭಾಗಕ್ಕೆ ಬೇರೆ ತುಂಡು ಬೀಮ್ ಸೇರಿಸಿ ಉದ್ದ ಮಾಡಿದ ಚಾಸಿಗಳೂ ಇವೆ. ಕೆಳಗೆ ಮಲಗಿ ಟಾರ್ಚ್ ಹಿಡಿದು ಜೋಡು ಎಲ್ಲಿದೆ ನೋಡಿ. ಹಿಚ್ ಹಾಕಿದರೆ ವಾರಂಟಿ ಹೋಗುತ್ತದೆಯೇ ಎಂದು ಕ್ಯಾಂಪರ್ ತಯಾರಿಸಿದವರನ್ನೇ ಕೇಳಿ. ಬೋಲ್ಟುಗಳನ್ನು 50 ಮೈಲಿ ಓಡಿದ ಮೇಲೆ ಟಾರ್ಕ್ ರೆಂಚಿನಿಂದ ಮತ್ತೆ ಬಿಗಿಯಿರಿ.

ಫಿಫ್ತ್ ವೀಲಿನ ಬಾಲ ನೆಲದಿಂದ ಎತ್ತರದಲ್ಲಿರುತ್ತದೆ, ದೋಣಿ ಟ್ರೇಲರ್ ತಗ್ಗು. ಅದು ಮೂತಿ ಮೇಲೆ ಮಾಡಿ ಓಡಿದರೆ ಭಾರ ಹಿಂದಕ್ಕೆ ಸರಿದು ಬಾಲ ಬೀಸುತ್ತದೆ. ಟ್ರೇಲರನ್ನು ಸಮನೆಲದಲ್ಲಿ ಮಟ್ಟವಾಗಿ ನಿಲ್ಲಿಸಿ ಕಪ್ಲರಿನ ಒಳನೆತ್ತಿಯ ಎತ್ತರ ಅಳೆದು, ಬಾಲಿನ ನೆತ್ತಿ ಅದೇ ಎತ್ತರಕ್ಕೆ ಬರುವಂತೆ ಡ್ರಾಪ್ ಹಿಚ್ ಹಾಕಿ. ಸೇಫ್ಟಿ ಚೈನ್ ಎರಡು, ಕಪ್ಲರಿನ ಕೆಳಗೆ ಕತ್ತರಿಯಾಗಿ. ಕಪ್ಲರ್ ಕಳಚಿದರೆ ಮೂಕಿ ನೆಲಕ್ಕೆ ಬಡಿಯದೆ ಆ ತೊಟ್ಟಿಲಲ್ಲಿ ಕೂರುತ್ತದೆ. ಬ್ರೇಕ್‌ಅವೇ ಕೇಬಲನ್ನು (ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಹಿಡಿಸುವ ತಂತಿ) ಚೈನಿಗಾಗಲಿ ಬಾಲ್ ಮೌಂಟಿಗಾಗಲಿ ಸಿಕ್ಕಿಸಬೇಡಿ, ಕ್ಯಾಂಪರ್‌ನ ಚಾಸಿಗೆ ಬೇರೆಯಾಗಿಯೇ ಕಟ್ಟಿ.

ವೈರಿಂಗ್‌ನಲ್ಲಿ ಎಲ್ಲರೂ ಬೀಳುವ ಗುಂಡಿ ಬಣ್ಣದ್ದು. ದೋಣಿ ಟ್ರೇಲರ್‌ನ ನಾಲ್ಕು ತಂತಿಯ ಚಪ್ಪಟೆ ಪ್ಲಗ್ಗಿನಲ್ಲಿ ಬಿಳಿ ಅರ್ಥ್, ಕಂದು ಹಿಂದಿನ ದೀಪ, ಹಳದಿ ಎಡ, ಹಸಿರು ಬಲ. ಕ್ಯಾಂಪರ್ ಲೋಕದ ಏಳು ತಂತಿಯ ಪದ್ಧತಿಯಲ್ಲಿ ಹಸಿರು ಹಿಂದಿನ ದೀಪ, ಕೆಂಪು ಎಡ, ಕಂದು ಬಲ, ಹಳದಿ ರಿವರ್ಸ್. ಬಣ್ಣಕ್ಕೆ ಬಣ್ಣ ಜೋಡಿಸಿದರೆ ಬಲಕ್ಕೆ ಇಂಡಿಕೇಟರ್ ಹಾಕಿದಾಗ ದೋಣಿಯ ಹಿಂದಿನ ದೀಪಗಳೆರಡೂ ಮಿಟುಕುತ್ತವೆ. ಬಣ್ಣ ಮರೆತು ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದನ್ನೇ ಗುರುತಿಸಿ. ಹಳೆಯ ಬಲ್ಬಾದರೆ ಬ್ರೇಕ್ ಎಳೆ ಒಂದೊಂದೂ ಎರಡು ಆಂಪಿಯರ್ ಕುಡಿಯುತ್ತದೆ. ಕ್ಯಾಂಪರ್‌ನ ಸಣ್ಣ ತಂತಿಯ ಕೊನೆಯಲ್ಲಿ ಅದು ಮಂಕಾಗಿ ಉರಿಯುತ್ತದೆ, ಇಲ್ಲವೇ ಟ್ರಕ್ಕಿನ ಫ್ಯೂಸ್ ಹಾರುತ್ತದೆ. ಎರಡನೇ ಟ್ರೇಲರಿಗೆ ಎಲ್‌ಇಡಿ ಹಾಕಿಬಿಡುವುದೇ ಅಗ್ಗದ ಪರಿಹಾರ. ಅರ್ಥ್ ತಂತಿಯನ್ನು ತುಕ್ಕು ಕೆರೆದ ಚಾಸಿಗೆ ನೇರವಾಗಿ ಬಿಗಿಯಿರಿ. ಗ್ರೀಸ್ ಮೆತ್ತಿದ ಬಾಲಿನ ಮೂಲಕ ಕರೆಂಟ್ ಹರಿದೀತು ಎಂದು ಕಾಯಬೇಡಿ.

ಬ್ರೇಕಿನ ವಿಷಯಕ್ಕೆ ದೋಣಿ ಟ್ರೇಲರೇ ಸರಳ. ಅದರಲ್ಲಿ ಸಾಮಾನ್ಯವಾಗಿ ಸರ್ಜ್ ಬ್ರೇಕ್ ಇರುತ್ತದೆ: ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ತನ್ನ ಭಾರದಿಂದಲೇ ಕಪ್ಲರನ್ನು ಒಳಕ್ಕೊತ್ತಿ ಹೈಡ್ರಾಲಿಕ್ ಬ್ರೇಕ್ ಹಿಡಿಯುತ್ತದೆ, ಟ್ರಕ್ಕಿನೊಳಗಿಂದ ಟ್ರೇಲರ್ ಬ್ರೇಕ್ ನಡೆಸುವ ಕಂಟ್ರೋಲರ್ ಬೇಕಿಲ್ಲ. ಎಲೆಕ್ಟ್ರಿಕ್ ಬ್ರೇಕಾದರೆ ಒಂದು ಮ್ಯಾಗ್ನೆಟ್ಟಿಗೆ ಸುಮಾರು ಮೂರು ಆಂಪಿಯರ್. ಎರಡು ಆಕ್ಸಲಿನ ಕ್ಯಾಂಪರಿಗೆ ನಾಲ್ಕು ಮ್ಯಾಗ್ನೆಟ್, ಹಿಂದಿನದಕ್ಕೆ ಇನ್ನೆರಡು, ಒಟ್ಟು 18 ಆಂಪಿಯರ್. ಕಂಟ್ರೋಲರ್ ಮೂರು ಆಕ್ಸಲಿಗೆ ತಾಳುವಂಥದ್ದೇ ಎಂದು ಅದರ ಪುಸ್ತಕದಲ್ಲಿ ನೋಡಿ.

ನಮ್ಮಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಎರಡು ಟ್ರಾಲಿ ಎಳೆಯುತ್ತದಲ್ಲ, ಏರಿನಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದಲ್ಲ, ಅದೂ ಇದೇ ಏತದ ಲೆಕ್ಕ. ಆದರೆ ಅದು ಓಡುವುದು ಸೈಕಲ್ಲಿನ ವೇಗದಲ್ಲಿ. ಇಲ್ಲಿ ಗಂಟೆಗೆ 60 ಮೈಲಿ ಓಡುವ ಮೂರು ಗಾಡಿಗಳ ಸಾಲು ಚಾವಟಿಯಿದ್ದಂತೆ. ಹಿಡಿಯಲ್ಲಿ ಅಂಗುಲ ಅಲ್ಲಾಡಿದರೆ ತುದಿಯಲ್ಲಿ ಅಡಿ ಬೀಸುತ್ತದೆ. 55 ಸಾಕು. ಲೇನ್ ಬದಲಿಸುವಾಗ ಸ್ಟೀರಿಂಗ್ ನಿಧಾನವಾಗಿ. ಬಾಲ ಬೀಸತೊಡಗಿದರೆ ಕಾಲಿನ ಬ್ರೇಕ್ ಒತ್ತಬೇಡಿ, ಸ್ಟೀರಿಂಗಿನಿಂದ ತಿದ್ದಲು ಹೋಗಬೇಡಿ. ಆಕ್ಸಿಲರೇಟರ್ ಬಿಟ್ಟು, ಕಂಟ್ರೋಲರಿನ ಕೈಹಿಡಿಯಿಂದ ಕ್ಯಾಂಪರ್‌ನ ಬ್ರೇಕನ್ನು ಮೆಲ್ಲಗೆ ಹಿಡಿಯಿರಿ.

ಕಾಣದ್ದೇ ದೊಡ್ಡ ತೊಂದರೆ. ಫಿಫ್ತ್ ವೀಲಿನ ಬೆನ್ನ ಹಿಂದೆ ದೋಣಿ ಕನ್ನಡಿಯಲ್ಲಿ ಕಾಣುವುದೇ ಇಲ್ಲ, ಅದರ ಟಯರ್ ಒಡೆದರೆ ಟ್ರಕ್ಕಿನಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. ಪಕ್ಕದ ಲೇನಿನವರು ಹಾರ್ನ್ ಹೊಡೆಯುವ ಹೊತ್ತಿಗೆ ರಿಮ್ ಸವೆದಿರುತ್ತದೆ. ಟಯರ್ ಒತ್ತಡ ತೋರಿಸುವ ಸೆನ್ಸರ್‌ಗಳು, ಅಷ್ಟು ದೂರದಿಂದ ಸಂಕೇತ ತಲುಪಿಸಲು ನಡುವೆ ಒಂದು ರಿಪೀಟರ್, ಕ್ಯಾಂಪರ್‌ನ ಹಿಂದೆ ಒಂದು ಕ್ಯಾಮೆರಾ, ಇವಕ್ಕೆ ಜಿಪುಣತನ ಬೇಡ. ನೂರು ಮೈಲಿಗೊಮ್ಮೆ ನಿಂತು ಚಕ್ರದ ನಡುವಿನ ಹಬ್‌ಗಳ ಬಳಿ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಕಾದಿದ್ದರೆ ಬೇರಿಂಗ್ ಹೋಗುತ್ತಿದೆ ಎಂದರ್ಥ. ನೀರಿಗೆ ಇಳಿಯುವ ಟ್ರೇಲರ್‌ನಲ್ಲಿ ಇದು ಮಾಮೂಲು.

ಐ-75ರಲ್ಲಿ ಉತ್ತರಕ್ಕೆ ಹೋದರೆ ಸಿಗುವ ಮ್ಯಾಕಿನಾ ಸೇತುವೆ ದಾಟುವವರಿಗೆ ಒಂದು ಮಾತು. 1957ರಲ್ಲಿ ತೆರೆದ, ಸುಮಾರು ಐದು ಮೈಲಿ ಉದ್ದದ ಈ ಸೇತುವೆಯ ತೂಗುಭಾಗದಲ್ಲಿ ಒಳಗಿನ ಲೇನ್ ಕಬ್ಬಿಣದ ಜಾಲರಿ, ಹೊರಗಿನದು ಡಾಂಬರು. ಹೊರಲೇನ್ ಹಿಡಿಯಿರಿ. ಗಾಳಿ ಜೋರಿದ್ದರೆ ಎತ್ತರದ ಗಾಡಿಗಳನ್ನು ತಡೆದು ಬೆಂಗಾವಲಿನಲ್ಲಿ ದಾಟಿಸುತ್ತಾರೆ, ಆ ಹೊತ್ತನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ರಿವರ್ಸ್? ಆಗುವುದಿಲ್ಲ. ಎರಡು ಕೀಲಿನ ಸಾಲು ಹಿಂದಕ್ಕೆ ಕೆಲವೇ ಅಡಿ ಹೋಗುವಷ್ಟರಲ್ಲಿ ಮಡಚಿಕೊಂಡು ದೋಣಿಯ ಮೂಕಿ ಕ್ಯಾಂಪರ್‌ನ ಮೂಲೆಗೆ ತಾಗುತ್ತದೆ. ಡೀಸೆಲ್ ಹಾಕಿಸಲು ಲಾರಿಗಳ ಸಾಲಿಗೇ ಹೋಗಿ, ಹೊರಬರುವ ದಾರಿ ಕಾಣದ ಕಡೆ ತಿರುಗಿಸಲೇಬೇಡಿ. ಸಿಕ್ಕಿಕೊಂಡರೆ ಬೇರೆ ದಾರಿಯಿಲ್ಲ, ದೋಣಿ ಬಿಚ್ಚಿ. ಅದಕ್ಕಾಗಿ ಟ್ರೇಲರ್‌ನ ಮುಂದಿನ ಜಾಕ್ ಚಕ್ರವಿರುವಂಥದ್ದಾಗಿರಲಿ. ಇಬ್ಬರು ಸೇರಿದರೆ ಸಮನೆಲದಲ್ಲಿ ತಳ್ಳಬಹುದು.

ಬಿಡಾರದಲ್ಲಿ ಮೊದಲು ಬಿಚ್ಚಬೇಕಾದ್ದು ದೋಣಿ, ಹೊರಡುವಾಗ ಕೊನೆಗೆ ಸಿಕ್ಕಿಸಬೇಕಾದ್ದೂ ಅದೇ. ಬಿಚ್ಚುವ ಮೊದಲು ಚಕ್ರಗಳಿಗೆ ಅಡೆ ಕೊಡಿ. ಆಮೇಲೆ ಕ್ಯಾಂಪರ್ ಇಳಿಸಿ, ಟ್ರಕ್ಕಿಗೇ ದೋಣಿ ಕಟ್ಟಿ ಕೆರೆಯ ಇಳಿಜಾರಿಗೆ ಹೋಗುವುದು. ನೀರಿಗಿಳಿಸುವ ಮುನ್ನ ದೀಪದ ಪ್ಲಗ್ ಕಿತ್ತಿಡಿ, ಕಾದ ಬಲ್ಬ್ ತಣ್ಣೀರಿಗೆ ಬಿದ್ದರೆ ಸೀಳುತ್ತದೆ. ಇಲ್ಲಿಗಾಗಿ ಟ್ರಕ್ಕಿನ ರಿಸೀವರಿಗೂ ದೋಣಿಯ ಕಪ್ಲರಿನ ಅಳತೆಯದೇ ಬಾಲ್ ಬೇಕು, ಸಾಮಾನ್ಯವಾಗಿ ಎರಡಿಂಚಿನದು, ಟ್ರಕ್ಕಿನ ಎತ್ತರಕ್ಕೆ ಹೊಂದುವ ಬೇರೆ ಮೌಂಟಿನ ಮೇಲೆ. ಅದನ್ನು ಮನೆಯ ಗ್ಯಾರೇಜಿನಲ್ಲೇ ಮರೆತು ಬಂದು, ದೋಣಿಯನ್ನು ಮೂರು ದಿನ ಮರದ ನೆರಳಲ್ಲಿ ನಿಲ್ಲಿಸಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ.