ಮಿನಾಮಿ-ಓಸಾವಾದಲ್ಲಿ ಇಳಿಯಿರಿ

ಸುಸುಮು ಕಿಟಗಾವಾ ಹುಟ್ಟಿದ್ದು ಕ್ಯೋಟೋದಲ್ಲಿ, 1951ರಲ್ಲಿ. ಓದಿದ್ದೂ ಪಿಎಚ್‌ಡಿ ಮುಗಿಸಿದ್ದೂ ಅಲ್ಲೇ. ಹಾಗಾಗಿ ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಬೆಸೆದ ರಂಧ್ರಭರಿತ ಹರಳುಗಳಿಗಾಗಿ ಅವರೂ ಹಂಚಿಕೊಂಡ 2025ರ ರಸಾಯನಶಾಸ್ತ್ರದ ನೊಬೆಲ್ ಘೋಷಣೆಯಾದ ಮೇಲೆ ಅವರ ಜಾಡು ಹಿಡಿದು ಹೊರಟವರು ನೇರ ಕ್ಯೋಟೋಗೆ ಹೋಗುತ್ತಾರೆ. ಆದರೆ ಪ್ರಶಸ್ತಿಗೆ ಕಾರಣವಾದ ಮುಖ್ಯ ಪ್ರಯೋಗ ನಡೆದದ್ದು ಟೋಕಿಯೋದ ಪಶ್ಚಿಮ ಅಂಚಿನ ಹೊಸ ಬಡಾವಣೆಯೊಂದರಲ್ಲಿ.

ಅದಕ್ಕೂ ಮೊದಲಿನ ಕೊಂಡಿ ಹಿಗಾಶಿ-ಒಸಾಕಾದ ಕಿಂಡಾಯ್ ವಿಶ್ವವಿದ್ಯಾಲಯ. 1979ರಿಂದ 1992ರವರೆಗೆ ಅವರು ಅಲ್ಲಿದ್ದರು. ಕಿಂಟೆಟ್ಸು ಮಾರ್ಗದ ನಾಗಾಸೆಯಲ್ಲಿ ಇಳಿಯಬೇಕು. ಅಲ್ಲಿ ಲೋಕಲ್ ರೈಲು ಮಾತ್ರ ನಿಲ್ಲುತ್ತದೆ. ನಿಲ್ದಾಣದಿಂದ ಕ್ಯಾಂಪಸ್‌ವರೆಗೆ ವಿದ್ಯಾರ್ಥಿಗಳ ಜೇಬಿಗೆ ಒಗ್ಗುವ ಊಟದ ಅಂಗಡಿಗಳ ಸಾಲು, ನಡೆಯಲು ಖುಷಿ.

ಆ ಮುಖ್ಯ ಪ್ರಯೋಗ ನಡೆದ ಟೋಕಿಯೋ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯಕ್ಕೆ ಶಿಂಜುಕುವಿನಿಂದ ಕೇಯೋ ರೈಲು. ವಿಳಾಸದಲ್ಲಿ ಹಚಿಯೋಜಿ ಎಂದಿದೆಯೆಂದು ಕೇಯೋ-ಹಚಿಯೋಜಿ ಫಲಕದ ರೈಲು ಹತ್ತಿದರೆ ಕೆಟ್ಟಿರಿ. ಚೋಫುವಿನಲ್ಲಿ ಮಾರ್ಗ ಕವಲೊಡೆಯುತ್ತದೆ; ನಿಮಗೆ ಬೇಕಾದದ್ದು ಹಾಶಿಮೊಟೊ ಕಡೆಗೆ ಹೋಗುವ ಸಗಾಮಿಹಾರಾ ಕವಲು. ತಪ್ಪಿದರೆ ಚೋಫುವಿಗೆ ವಾಪಸ್ ಬಂದು ಬದಲಿಸಬೇಕು, ಅರ್ಧ ಬೆಳಗು ಹೋದಂತೆಯೇ. ಮಿನಾಮಿ-ಓಸಾವಾದಲ್ಲಿ ಇಳಿದೊಡನೆ ಎದುರಾಗುವುದು ದಕ್ಷಿಣ ಫ್ರಾನ್ಸಿನ ಹಳ್ಳಿಯ ವೇಷ ತೊಟ್ಟ ಔಟ್‌ಲೆಟ್ ಮಾಲ್. ಕಿಟಗಾವಾ ಇಲ್ಲಿದ್ದಾಗ ಅದು ಇರಲಿಲ್ಲ, ಪುಣ್ಯವಂತರು. ವಿಶ್ವವಿದ್ಯಾಲಯ ಈ ಜಾಗಕ್ಕೆ ಬಂದದ್ದು 1991ರಲ್ಲಿ. ಅವರು ಬಂದದ್ದು ಮರುವರ್ಷ.

ಆಗ ಅವರ ಕೈಯಲ್ಲಿದ್ದದ್ದು ತಾಮ್ರದ ಅಯಾನುಗಳನ್ನು ಸಾವಯವ ಅಣುಗಳಿಂದ ಬೆಸೆದ ಒಂದು ಹಾಳೆಯಂಥ ರಚನೆ. ಅದರ ಪೊಳ್ಳುಗಳಲ್ಲಿ ಅಸಿಟೋನ್ ಅಣು ಕೂರುತ್ತಿತ್ತು, ಅಷ್ಟೇ. ರಂಧ್ರಗಳಿರುವ ಗಟ್ಟಿಮುಟ್ಟಾದ ಖನಿಜ ಜಿಯೊಲೈಟ್ ಇರುವಾಗ ಇದೇಕೆ ಎಂಬುದು ಆ ಕಾಲದ ಪ್ರಶ್ನೆ. ಅನುದಾನದ ಅರ್ಜಿಗಳು ತಿರಸ್ಕೃತವಾಗುತ್ತಿದ್ದವು.

ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಇಂಥ ಹರಳು ಬೆಳೆಯುವಾಗ ಅದರ ರಂಧ್ರಗಳಲ್ಲಿ ದ್ರಾವಕ ತುಂಬಿಕೊಂಡೇ ಇರುತ್ತದೆ. ಅದನ್ನು ಹೊರಗೆಳೆದರೆ ಗೋಡೆಗಳು ಒಳಕ್ಕೆ ಕುಸಿದು ಪುಡಿ ಉಳಿಯುತ್ತದೆ. ಹರಳು ಬೆಳೆಸುವುದೂ ನಾಜೂಕಿನ ಕೆಲಸ: ಲೋಹದ ದ್ರಾವಣ ಮತ್ತು ಕೊಂಡಿ ಅಣುವಿನ ದ್ರಾವಣವನ್ನು ಒಮ್ಮೆಲೇ ಬೆರೆಸಿದರೆ ಸಣ್ಣ ಪುಡಿ ಬೀಳುತ್ತದೆ, ಎಕ್ಸ್-ರೇಗೆ ಒಂಟಿ ಹರಳು ಸಿಗುವುದಿಲ್ಲ. ಸಪೂರ ಕೊಳವೆಯಲ್ಲಿ ಒಂದರ ಮೇಲೊಂದು ಪದರವಾಗಿ ನಿಲ್ಲಿಸಿ, ಅಲುಗಿಸದೆ ಕಾಯಬೇಕು. ಖಾಲಿ ಮಾಡುವ ಮುನ್ನ ಭಾರದ ದ್ರಾವಕವಿದ್ದರೆ ಮೆಥನಾಲ್‌ನಂಥ ಬೇಗ ಆರುವುದರಿಂದ ಬದಲಿಸಿ, ಆಮೇಲೆ ನಿರ್ವಾತ. ಒಣಗಿಸುವ ಮೊದಲು ಮತ್ತು ನಂತರ ಪುಡಿಯ ಮೇಲೆ ತೆಗೆದ ಎಕ್ಸ್-ರೇ ಗೆರೆಗಳು ತಾಳೆಯಾದರೆ ಚೌಕಟ್ಟು ಉಳಿದಿದೆ.

1997ರಲ್ಲಿ ಅದು ಉಳಿಯಿತು. ಕೋಬಾಲ್ಟ್, ನಿಕಲ್ ಅಥವಾ ಸತುವಿನ ನೈಟ್ರೇಟ್, ಜೊತೆಗೆ ಕೊಂಡಿ ಅಣುವಾಗಿ 4,4'-ಬೈಪಿರಿಡೀನ್: ಎರಡು ಲೋಹದ ಅಯಾನಿಗೆ ಮೂರು ಬೈಪಿರಿಡೀನ್. ನೀರು ಹೋದ ಮೇಲೂ ಕಾಲುವೆಗಳು ತೆರೆದೇ ಇದ್ದವು. ಕೋಣೆಯ ಉಷ್ಣತೆಯಲ್ಲೇ, 1ರಿಂದ 36 ವಾತಾವರಣದ ಒತ್ತಡದಲ್ಲಿ, ಮೀಥೇನ್, ನೈಟ್ರೋಜನ್, ಆಕ್ಸಿಜನ್ ಒಳಹೋಗಿ ಹೊರಬಂದವು. ಮಾಲ್‌ನ ಗದ್ದಲ ದಾಟಿ ಕ್ಯಾಂಪಸ್ಸಿಗೆ ಹೋಗುವುದು ಈ ಕಾರಣಕ್ಕೆ.

ಮರುವರ್ಷ ಅವರು ಕ್ಯೋಟೋಗೆ ಮರಳಿದರು. ಅದೇ 1998ರಲ್ಲಿ ಮಂಡಿಸಿದ ಇನ್ನೊಂದು ವಿಚಾರವೇ ನನ್ನ ಮಟ್ಟಿಗೆ ಹೆಚ್ಚಿನದು. ಇಂಥ ಹರಳುಗಳಲ್ಲಿ ಒಳಗಿನದನ್ನು ತೆಗೆದರೆ ಕುಸಿಯುವುದು ಮೊದಲ ಪೀಳಿಗೆ, ಗಟ್ಟಿ ನಿಲ್ಲುವುದು ಎರಡನೆಯದು, ಅನಿಲ ಬಂದಾಗ ಬಳುಕಿ ಹೋದಾಗ ಮೊದಲಿನಂತಾಗುವುದು ಮೂರನೆಯದು. ಈ ಮೂರನೆಯದರ ಕೆಲವು ಪದಾರ್ಥಗಳಲ್ಲಿ ಒತ್ತಡ ಏರಿಸುತ್ತಿದ್ದರೂ ಎಷ್ಟು ಅನಿಲ ಹೀರಿತೆಂದು ತೋರಿಸುವ ನಕ್ಷೆಯ ರೇಖೆ ನೆಲಕ್ಕಂಟಿಯೇ ಸಾಗುತ್ತದೆ, ಒಂದು ಹಂತದಲ್ಲಿ ಥಟ್ಟನೆ ಜಿಗಿಯುತ್ತದೆ. ಒತ್ತಡ ಇಳಿಸುವಾಗ ಬಂದ ದಾರಿಯಲ್ಲಿ ಇಳಿಯುವುದಿಲ್ಲ. ಪ್ರತಿ ಬಿಂದುವಿನಲ್ಲೂ ಸಮತೋಲಕ್ಕೆ ಸಮಯ ಕೊಡದೆ ಅಳೆದರೆ ಈ ಜಿಗಿತ ತಪ್ಪು ಜಾಗದಲ್ಲಿ ಕಾಣುತ್ತದೆ. ಇಂಥ ಚೌಕಟ್ಟುಗಳ ಮೇಲೆ ಕ್ಯೋಟೋದಲ್ಲಿ ಅವರೊಂದಿಗೆ ದುಡಿದ ತಪಸ್ ಮಾಜಿ ಆಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸೇರಿದರು.

ಕ್ಯೋಟೋ ವಿಶ್ವವಿದ್ಯಾಲಯಕ್ಕೆ ನಿಲ್ದಾಣದ ಮುಂದಿನಿಂದ ಬಸ್ಸಿದೆ, ಆದರೆ ಪ್ರವಾಸಿಗರ ಸೂಟ್‌ಕೇಸ್‌ಗಳ ನಡುವೆ ನಿಂತು ಬರುವ ಶಿಕ್ಷೆ ಬೇಡ. ಜೆಆರ್ ನಾರಾ ಮಾರ್ಗದಲ್ಲಿ ಒಂದೇ ನಿಲ್ದಾಣ ಹೋಗಿ ತೋಫುಕುಜಿಯಲ್ಲಿ ಕೇಹಾನ್ ರೈಲಿಗೆ ಬದಲಿಸಿ, ಕೊನೆಯ ನಿಲ್ದಾಣ ದೆಮಾಚಿಯಾನಾಗಿಯಲ್ಲಿ ಇಳಿದು ಇಮಾದೆಗಾವಾ ಬೀದಿಯಲ್ಲಿ ಪೂರ್ವಕ್ಕೆ ನಡೆಯಿರಿ. ಹ್ಯಾಕುಮಾನ್‌ಬೆನ್ ವೃತ್ತದ ಆಚೆಗೆ ಕ್ಯಾಂಪಸ್. 1925ರ ಗಡಿಯಾರ ಗೋಪುರ, ಅದರ ಮುಂದೆ ವಿಶ್ವವಿದ್ಯಾಲಯದ ಲಾಂಛನವಾದ ಕರ್ಪೂರ ಮರ. ಹೆಬ್ಬಾಗಿಲ ಪಕ್ಕದ ಕಾಂಫೋರಾ ಕೆಫೆಯಲ್ಲಿ ಕುಲಪತಿಯ ಹೆಸರಿನ ಕರಿ-ಅನ್ನ ಸಿಗುತ್ತದೆ. ನಮ್ಮ ನಾಲಿಗೆಗೆ ಸಿಹಿಯೇ ಮುಂದು. ಖಾರ ಬೇಕಿದ್ದವರು ಉಪ್ಪಿನಕಾಯಿ ಒಯ್ಯುವುದು ಒಳ್ಳೆಯದು.